ನವೆಂಬರ್ 2ರ ಬರಂಗಾಯ್ ಚುನಾವಣೆ: ಸೆಬುವಿನಲ್ಲಿರುವ ಕನ್ನಡ ಮನೆಗಳಿಗೆ ಒಂದು ಮಾರ್ಗದರ್ಶಿ

ಫಿಲಿಪೀನ್ಸ್‌ನ ಸೆಬು ಪ್ರಾಂತ್ಯದಲ್ಲಿ 2026ರ ನವೆಂಬರ್ 2, ಸೋಮವಾರ ಚುನಾವಣೆ. ಗವರ್ನರ್‌ಗೂ ಅಲ್ಲ, ಮೇಯರ್‌ಗೂ ಅಲ್ಲ, ಬರಂಗಾಯ್‌ಗೆ. ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ, ಆದರೆ ಊರಲ್ಲೂ ಇರುತ್ತದೆ, ಪೇಟೆಯಲ್ಲೂ ಇರುತ್ತದೆ. ಇಲ್ಲಿ ಓದಲು ಬಂದ ಮೆಡಿಕಲ್ ವಿದ್ಯಾರ್ಥಿಗಳು, ಕೆಲಸಕ್ಕೆ ಬಂದವರು, ನನ್ನ ಹಾಗೆ ಇಲ್ಲಿಯವರನ್ನೇ ಮದುವೆಯಾಗಿ ನೆಲೆ ನಿಂತವರು ತುಂಬಾ ಜನ 'ಇದು ಚಿಕ್ಕ ಚುನಾವಣೆ, ನಮಗೇನು' ಅಂದುಕೊಂಡಿದ್ದೇವೆ. ನಾನೂ ಹಾಗೇ ಅಂದುಕೊಂಡಿದ್ದೆ.

2025ರ ನವೆಂಬರ್ 4ರಂದು ಟೀನೊ ಚಂಡಮಾರುತ ಬಂತು. ಹೊಳೆ ಉಕ್ಕಿ ನಮ್ಮ ಬೀದಿಗೆ ನುಗ್ಗಿತು. ಸೆಬುವಿನಲ್ಲಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅದಕ್ಕೆ ಐದು ವಾರ ಮೊದಲು, ಸೆಪ್ಟೆಂಬರ್ 30ರ ರಾತ್ರಿ, ಉತ್ತರದ ಬೊಗೊ ಕಡೆ 6.9ರ ಭೂಕಂಪ ಆಗಿತ್ತು. ಆ ದಿನಗಳಲ್ಲಿ ನಮ್ಮ ಬಾಗಿಲು ಬಡಿದವರು ಪೊಲೀಸರಲ್ಲ, ಸೇನೆಯಲ್ಲ. ಬರಂಗಾಯ್‌ನ ಕಾವಲುಗಾರರು, ಇಲ್ಲಿ ತನೋದ್ ಅನ್ನುತ್ತಾರೆ. ಯಾವ ಮನೆಯಲ್ಲಿ ಎಷ್ಟು ಜನ, ಯಾರಿಗೆ ಅಕ್ಕಿ, ಯಾರು ಶಾಲೆಯಲ್ಲಿ ಮಲಗಬೇಕು, ಎಲ್ಲ ಲೆಕ್ಕ ಬರಂಗಾಯ್ ಪಟ್ಟಿಯಲ್ಲಿ. ನಮ್ಮ ಮನೆಯ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ, ಏಕೆಂದರೆ ನಾನು ಬರೆಸಿರಲಿಲ್ಲ. ಬರಂಗಾಯ್ ಅಂದರೆ ಏನು ಅಂತ ನನಗೆ ಗೊತ್ತಾದದ್ದು ಅವತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾವ ಚುನಾವಣೆ, ಯಾರಿಗೆ ಓಟು, ಅದನ್ನು ತಿಳಿಯಿರಿ

ಸೆಬು ಪ್ರಾಂತ್ಯದ ಆಡಳಿತದ ಕೆಳಗೆ 44 ಮುನಿಸಿಪಾಲಿಟಿ, 6 ನಗರ (ಬೊಗೊ, ಕಾರ್ಕಾರ್, ದನಾವ್, ನಾಗ, ತಲಿಸಾಯ್, ತೊಲೆಡೊ) ಮತ್ತು 1,066 ಬರಂಗಾಯ್‌ಗಳಿವೆ. ಸೆಬು ಸಿಟಿ, ಮಂದಾವೆ, ಲಾಪು-ಲಾಪು ನಕ್ಷೆಯಲ್ಲಿ ಒಳಗೇ ಕಂಡರೂ ಆಡಳಿತದಲ್ಲಿ ಬೇರೆ. ಅಲ್ಲಿನ ಮತದಾರರು ಗವರ್ನರ್‌ಗೆ ಓಟು ಹಾಕುವುದಿಲ್ಲ. 2025ರ ಮೇ 12ರಂದು ಪಮೇಲಾ ಬರಿಕ್ವಾಟ್ರೊ ಅವರು ಗ್ವೆಂಡೊಲಿನ್ ಗಾರ್ಸಿಯಾ ಅವರನ್ನು ಸೋಲಿಸಿ ಗವರ್ನರ್ ಆದಾಗ ತಲಿಸಾಯ್‌ನವರು ಓಟು ಹಾಕಿದರು, ಪಕ್ಕದ ಸೆಬು ಸಿಟಿಯವರು ಹಾಕಲಿಲ್ಲ. ಆದರೆ ನವೆಂಬರ್ 2ರಂದು ಆ ಭೇದ ಇಲ್ಲ. ಬರಂಗಾಯ್ ಎಲ್ಲ ಕಡೆಯೂ ಇದೆ, ಚುನಾವಣೆಯೂ ಎಲ್ಲ ಕಡೆ ಒಂದೇ ದಿನ.

ಪ್ರತಿ ಬರಂಗಾಯ್‌ಗೆ ಒಬ್ಬ ಮುಖ್ಯಸ್ಥ. ಕಾಗದದಲ್ಲಿ ಪುನೋಂಗ್ ಬರಂಗಾಯ್, ಜನರ ಬಾಯಲ್ಲಿ ಕಪಿತಾನ್ ಅಥವಾ ಬರೀ 'ಕಾಪ್'. ಜೊತೆಗೆ 7 ಜನ ಸದಸ್ಯರು, ಅವರಿಗೆ ಕಗವಾದ್ ಅನ್ನುತ್ತಾರೆ. ಇದರ ಜೊತೆಗೇ ಯುವಕರ ಮಂಡಳಿಗೂ ಚುನಾವಣೆ. ಅದು ಸಂಗುನಿಯಾಂಗ್ ಕಬತಾನ್, ಎಲ್ಲರೂ ಎಸ್‌ಕೆ ಅಂತಲೇ ಕರೆಯುತ್ತಾರೆ. ಅಲ್ಲೂ ಒಬ್ಬ ಅಧ್ಯಕ್ಷ, 7 ಸದಸ್ಯರು.

ನಮ್ಮ ಪಂಚಾಯಿತಿ ಚುನಾವಣೆಯ ಹಾಗೆ ಇಲ್ಲೂ ಪಕ್ಷದ ಚಿಹ್ನೆ ಇಲ್ಲ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕರ್ನಾಟಕದಲ್ಲಿ ಪಂಚಾಯಿತಿ ಅಧ್ಯಕ್ಷರನ್ನು ಗೆದ್ದ ಸದಸ್ಯರು ಆರಿಸುತ್ತಾರೆ. ಇಲ್ಲಿ ಕಪಿತಾನ್‌ನನ್ನು ಜನರೇ ನೇರವಾಗಿ ಆರಿಸುತ್ತಾರೆ. ಹಾಗಾಗಿ ಅವನ ಮಾತಿಗೆ ತೂಕ ಜಾಸ್ತಿ.

ಈ ಸಲ ಗೆದ್ದವರಿಗೆ ನಾಲ್ಕು ವರ್ಷದ ಅವಧಿ. 2025ರಲ್ಲಿ ಬಂದ 12232ನೇ ಕಾನೂನು ಚುನಾವಣೆಯನ್ನು 2025ರ ಡಿಸೆಂಬರ್‌ನಿಂದ 2026ರ ನವೆಂಬರ್‌ನ ಮೊದಲ ಸೋಮವಾರಕ್ಕೆ ಸರಿಸಿತು. ಇದು ಮೊದಲ ಮುಂದೂಡಿಕೆ ಅಲ್ಲ. ಹಿಂದೆ 2018ರ ಮೇ ಆದಮೇಲೆ ಮತ್ತೆ ಓಟು ನಡೆದದ್ದು 2023ರ ಅಕ್ಟೋಬರ್ 30ಕ್ಕೆ. ಐದು ವರ್ಷ ಅದೇ ಕಪಿತಾನ್! ಅದಕ್ಕೇ ಟಿಕೆಟ್, ರಜೆ ಎಲ್ಲ ಗೊತ್ತು ಮಾಡುವ ಮೊದಲು ಚುನಾವಣಾ ಆಯೋಗದ, ಅಂದರೆ ಕೊಮೆಲೆಕ್‌ನ, ಪ್ರಕಟಣೆ ಒಮ್ಮೆ ನೋಡಿಕೊಳ್ಳಿ.

ಹೆಜ್ಜೆ 2: ಮನೆಯಲ್ಲಿ ಯಾರಿಗೆ ಓಟಿದೆ ಅಂತ ಎಣಿಸಿ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಓಟಿಲ್ಲ. ಎಷ್ಟು ವರ್ಷ ಇದ್ದರೂ ಇಲ್ಲ, ತೆರಿಗೆ ಕಟ್ಟಿದರೂ ಇಲ್ಲ. ಆದರೆ ಹೆಂಡತಿ ಅಥವಾ ಗಂಡ ಇಲ್ಲಿಯ ಪ್ರಜೆಯಾಗಿದ್ದರೆ ಅವರಿಗಿದೆ. ಮಕ್ಕಳಿಗೂ ಇರಬಹುದು. ಇದನ್ನು ನಮ್ಮವರಲ್ಲಿ ತುಂಬಾ ಜನ ಮರೆಯುತ್ತಾರೆ.

ವಯಸ್ಸಿನ ಲೆಕ್ಕ ಹೀಗೆ: 15ರಿಂದ 17 ವರ್ಷದವರು ಎಸ್‌ಕೆಗೆ ಮಾತ್ರ ಹಾಕುತ್ತಾರೆ. 18ರಿಂದ 30ರವರು ಬರಂಗಾಯ್‌ಗೂ ಎಸ್‌ಕೆಗೂ ಹಾಕುತ್ತಾರೆ, ಅವರಿಗೆ ಎರಡು ಮತಪತ್ರ. 31 ತುಂಬಿದವರು ಬರಂಗಾಯ್‌ಗೆ ಮಾತ್ರ. ನನ್ನ ಮಗನಿಗೆ ಈಗ 16. ಕರ್ನಾಟಕದಲ್ಲಿರುವ ಅವನ ಚಿಕ್ಕಪ್ಪನ ಮಗ 18 ಆಗುವವರೆಗೆ ಕಾಯಬೇಕು. ಇವನು ಈ ನವೆಂಬರ್‌ನಲ್ಲೇ ಬೆರಳಿಗೆ ಶಾಯಿ ಹಾಕಿಸಿಕೊಳ್ಳುತ್ತಾನೆ. ನನಗೆ ಓಟಿಲ್ಲದ ಊರಲ್ಲಿ ಮಗ ಓಟು ಹಾಕುತ್ತಾನೆ ಅನ್ನುವುದು ನನಗಂತೂ ದೊಡ್ಡ ಸಂತೋಷ.

ನೋಂದಣಿಗೆ ಕೊಮೆಲೆಕ್ ಕೊಟ್ಟ ಅವಧಿ 2025ರ ಅಕ್ಟೋಬರ್ 20ರಿಂದ 2026ರ ಮೇ 18ರವರೆಗೆ. ಖುದ್ದಾಗಿ ಹೋಗಬೇಕು. ಫೋಟೋ, ಬೆರಳಚ್ಚು, ಸಹಿ ಅಲ್ಲೇ ತೆಗೆಯುತ್ತಾರೆ. ಹಿಂದಿನಿಂದ ಪಟ್ಟಿಯಲ್ಲಿದ್ದವರೂ ಸುಮ್ನೆ ಇರಬೇಡಿ. ಎರಡು ಚುನಾವಣೆ ಸತತವಾಗಿ ತಪ್ಪಿಸಿದರೆ ಹೆಸರು ನಿಷ್ಕ್ರಿಯ ಆಗುತ್ತದೆ. ವಿದೇಶದಲ್ಲಿ ಕೆಲಸ ಮಾಡಿ ಬಂದವರಿಗೆ ಹೀಗಾಗುವುದು ತುಂಬಾ ಸಾಮಾನ್ಯ. ಕೊಮೆಲೆಕ್‌ನ ಪ್ರಿಸಿಂಕ್ಟ್ ಫೈಂಡರ್ ಅನ್ನುವ ವೆಬ್ ಪುಟದಲ್ಲಿ ಹೆಸರು, ಹುಟ್ಟಿದ ದಿನ ಹಾಕಿ ನೋಡಿದರೆ ಯಾವ ಶಾಲೆ, ಯಾವ ಮತಗಟ್ಟೆ ಅಂತ ಸಿಗುತ್ತದೆ. ಸಿಗಲಿಲ್ಲ ಅಂದರೆ ಊರಿನ ಕೊಮೆಲೆಕ್ ಕಚೇರಿಗೇ ಹೋಗಿ ಕೇಳಿ.

ಹೆಜ್ಜೆ 3: ಓಟಿಲ್ಲದವರು ಏನು ಮಾಡಬಾರದು

ಈ ಭಾಗವನ್ನು ವಿದ್ಯಾರ್ಥಿಗಳು ಎರಡು ಸಲ ಓದಿ.

ಇಲ್ಲಿಯ ಚುನಾವಣಾ ಸಂಹಿತೆಯ 81ನೇ ಕಲಂ ಪ್ರಕಾರ ವಿದೇಶಿಯರು ಯಾವ ಅಭ್ಯರ್ಥಿಗೂ ನೇರವಾಗಿಯಾಗಲಿ, ಬೇರೆಯವರ ಮೂಲಕವಾಗಲಿ ಸಹಾಯ ಮಾಡುವಂತಿಲ್ಲ. ಹಣ ಕೊಡುವಂತಿಲ್ಲ, ಖರ್ಚು ಮಾಡುವಂತಿಲ್ಲ, ಯಾವ ರೀತಿಯಲ್ಲೂ ಚುನಾವಣೆಯ ಮೇಲೆ ಪ್ರಭಾವ ಬೀರುವಂತಿಲ್ಲ. ಸಂಹಿತೆಯ ಅಪರಾಧಗಳಿಗೆ ಒಂದರಿಂದ ಆರು ವರ್ಷ ಜೈಲು. ಅಪರಾಧಿ ವಿದೇಶಿಯಾಗಿದ್ದರೆ ಜೈಲು ಮುಗಿದ ಮೇಲೆ ದೇಶದಿಂದ ಗಡೀಪಾರು.

ದಿನನಿತ್ಯದಲ್ಲಿ ಇದರ ಅರ್ಥ ಏನು? ಮನೆ ಮಾಲೀಕರು ಕಗವಾದ್‌ಗೆ ನಿಂತಿದ್ದಾರೆ, ಪ್ರೀತಿಯಿಂದ ಒಂದು ಟೀ ಶರ್ಟ್ ಕೊಟ್ಟರು ಅನ್ನಿ. ಹಾಕಿಕೊಂಡು ಓಡಾಡಬೇಡಿ. 'ನಿಮ್ಮ ಬೈಕ್ ಮೆರವಣಿಗೆಗೆ ಕೊಡಿ' ಅಂದರೆ ಕೈ ಮುಗಿದು ಬೇಡ ಅನ್ನಿ. ಫೇಸ್‌ಬುಕ್‌ನಲ್ಲಿ ಅಭ್ಯರ್ಥಿಯ ಪೋಸ್ಟರ್ ಹಂಚಬೇಡಿ. ಅಂಗಡಿ ನಡೆಸುವವರು ಪ್ರಚಾರದ ಊಟಕ್ಕೆ ಅಕ್ಕಿ, ಕೋಳಿ ಉಚಿತವಾಗಿ ಕೊಡಬೇಡಿ. ಇಲ್ಲಿಯ ಜನ ತುಂಬಾ ಆತ್ಮೀಯರು. ಬೇಡ ಅಂದರೆ ಬೇಸರ ಮಾಡಿಕೊಳ್ಳುತ್ತಾರೇನೋ ಅನ್ನಿಸುತ್ತದೆ. 'ನಾನು ವಿದೇಶಿ, ಕಾನೂನು ಬಿಡಲ್ಲ' ಅಂದರೆ ಸಾಕು, ಅರ್ಥ ಮಾಡಿಕೊಳ್ಳುತ್ತಾರೆ. ನನಗಂತೂ ಈ ಮಾತಿಂದ ಯಾವ ಸ್ನೇಹವೂ ಕೆಟ್ಟಿಲ್ಲ.

ಮತದಾನದ ದಿನ ಹೆಂಡತಿಯನ್ನೋ ಅತ್ತೆಯನ್ನೋ ಶಾಲೆಯ ಗೇಟಿನವರೆಗೆ ಬಿಟ್ಟು ಬನ್ನಿ. ಒಳಗೆ ಹೋಗಬೇಡಿ.

ಹೆಜ್ಜೆ 4: ಅಭ್ಯರ್ಥಿಯನ್ನು ಹೇಗೆ ತೂಗುವುದು

ಇದು ಓಟಿರುವವರಿಗೆ. ಮನೆಯಲ್ಲಿ ಕೂತು ಮಾತಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಅಲ್ವಾ?

ಬರಂಗಾಯ್‌ಗೆ ಬರುವ ಹಣ ಸಣ್ಣದಲ್ಲ. ರಾಷ್ಟ್ರೀಯ ತೆರಿಗೆಯಲ್ಲಿ ಸ್ಥಳೀಯ ಸರ್ಕಾರಗಳಿಗೆ ಸಿಗುವ ಪಾಲಿನಲ್ಲಿ 20 ಶೇಕಡಾ ಬರಂಗಾಯ್‌ಗಳಿಗೆ. ಬರಂಗಾಯ್‌ನ ಸಾಮಾನ್ಯ ನಿಧಿಯಲ್ಲಿ 10 ಶೇಕಡಾ ಎಸ್‌ಕೆಗೆ ಹೋಗಬೇಕು. ಆದಾಯದ ಕನಿಷ್ಠ 5 ಶೇಕಡಾ ವಿಕೋಪ ನಿಧಿಗೆ ಇಡಬೇಕು. ಭೂಕಂಪ, ನೆರೆ ಎರಡನ್ನೂ ಒಂದೇ ವರ್ಷ ಕಂಡ ಸೆಬುವಿನಲ್ಲಿ ಈ ಕೊನೆಯ ಅಂಕಿಯ ಬಗ್ಗೆಯೇ ಮೊದಲ ಪ್ರಶ್ನೆ ಕೇಳಬೇಕು ಅಂತ ನನ್ನ ಅಭಿಪ್ರಾಯ. ದೋಣಿ ಇತ್ತಾ? ಹಗ್ಗ, ಟಾರ್ಚ್, ಮೈಕು ಇತ್ತಾ? ಎಚ್ಚರಿಕೆ ಎಷ್ಟು ಹೊತ್ತಿಗೆ ಕೊಟ್ಟರು? ಜನರನ್ನು ಸಾಗಿಸಿದ ಶಾಲೆಯಲ್ಲಿ ನೀರು, ಶೌಚಾಲಯ ಇತ್ತಾ?

ಕೇಳುವ ಜಾಗ ಬರಂಗಾಯ್ ಸಭೆ. ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್‌ನಲ್ಲಿ ಕರೆಯುವ ರೂಢಿ. ಅಕ್ಟೋಬರ್ ಸಭೆ ಚುನಾವಣೆಗೆ ಮುಂಚೆಯೇ ಬರುತ್ತದೆ. 15 ವರ್ಷ ದಾಟಿದ, ಆರು ತಿಂಗಳಿಂದ ಅಲ್ಲೇ ಇರುವ ಪ್ರಜೆಗಳು ಅದರ ಸದಸ್ಯರು. ನಿಮ್ಮ ಮನೆಯ ಪ್ರಶ್ನೆಯನ್ನು ಹೆಂಡತಿಯೋ ಮಗಳೋ ಕೇಳಲಿ. ಬರಂಗಾಯ್ ಹಾಲ್‌ನ ಗೋಡೆಯ ಫಲಕದಲ್ಲಿ ಬಜೆಟ್ಟು, ಖರ್ಚು ಹಾಕಿರಬೇಕು. ಹೋಗಿ ಓದಿ. ಫಲಕ ಖಾಲಿ ಇದ್ದರೆ ಅದೂ ಒಂದು ಉತ್ತರವೇ.

ಮತ್ತೊಂದು ವಿಷಯ ನೋಡಬೇಕು. ಕಪಿತಾನ್ ಬರೀ ರಸ್ತೆ, ಚರಂಡಿ ಮಾಡಿಸುವವನಲ್ಲ. ನೆರೆಹೊರೆಯವರ ಜಗಳವನ್ನು ರಾಜಿ ಮಾಡುವ ಸಮಿತಿಯ ಅಧ್ಯಕ್ಷನೂ ಅವನೇ. ಒಂದೇ ಊರಿನ ಇಬ್ಬರ ನಡುವಿನ ಅನೇಕ ವ್ಯಾಜ್ಯಗಳು ಮೊದಲು ಅಲ್ಲಿಗೆ ಹೋಗಲೇಬೇಕು. ರಾಜಿ ಆಗದಿದ್ದರೆ ಅವರು ಕೊಡುವ ಪತ್ರ ಹಿಡಿದುಕೊಂಡೇ ಕೋರ್ಟಿಗೆ ಹೋಗಬೇಕು. ಬಾಡಿಗೆ ಮುಂಗಡದ ಜಗಳ, ನಾಯಿ ಕಚ್ಚಿದ್ದು, ರಾತ್ರಿ ಎರಡು ಗಂಟೆಯವರೆಗಿನ ಕ್ಯಾರಿಯೋಕೆ, ಎಲ್ಲ ಅವನ ಮುಂದೆ. ಪಕ್ಷಪಾತ ಮಾಡುವವನಿಗೆ ಈ ಕುರ್ಚಿ ಸಿಕ್ಕರೆ ಬೀದಿಯೇ ಎರಡಾಗುತ್ತದೆ. ಕಳೆದ ಜಗಳದಲ್ಲಿ ಅವನು ಹೇಗೆ ನಡೆದುಕೊಂಡ ಅಂತ ಹಿರಿಯ ಹೆಂಗಸರನ್ನು ಕೇಳಿ. ಅವರಿಗೆ ಎಲ್ಲ ಗೊತ್ತಿರುತ್ತದೆ.

ಎಸ್‌ಕೆಯಲ್ಲಿ ಒಂದು ಒಳ್ಳೆಯ ನಿಯಮ ಇದೆ. ಅಭ್ಯರ್ಥಿಗೆ 18ರಿಂದ 24 ವರ್ಷ ಆಗಿರಬೇಕು. 2016ರ ಕಾನೂನಿನ ಪ್ರಕಾರ ಈಗ ಅಧಿಕಾರದಲ್ಲಿರುವ ಸ್ಥಳೀಯ ಚುನಾಯಿತರ ಮಗ, ಮಗಳು, ತಮ್ಮ, ತಂಗಿ, ಮೊಮ್ಮಕ್ಕಳಂಥ ಹತ್ತಿರದ ಸಂಬಂಧಿಗಳು ನಿಲ್ಲುವಂತಿಲ್ಲ. ಮನೆತನಗಳ ರಾಜಕೀಯವೇ ಜಾಸ್ತಿ ಇರುವ ಈ ನೆಲದಲ್ಲಿ ಇದು ನನಗೆ ತುಂಬಾ ಇಷ್ಟವಾದ ಕಾನೂನು. ಕಪಿತಾನ್, ಕಗವಾದ್‌ಗಳಿಗೂ ಇದು ಬಂದರೆ ಎಷ್ಟು ಚೆನ್ನ.

ಹೆಜ್ಜೆ 5: ಕವರ್ ಬಂದರೆ

ಪ್ರಚಾರಕ್ಕೆ ಸಿಗುವುದು ಸುಮಾರು ಹತ್ತು ದಿನ. 2023ರಲ್ಲಿ ಅಕ್ಟೋಬರ್ 19ರಿಂದ 28ರವರೆಗೆ ಇತ್ತು. ಅಭ್ಯರ್ಥಿ ಒಬ್ಬ ಮತದಾರನಿಗೆ ಐದು ಪೆಸೊ ಲೆಕ್ಕದಲ್ಲಿ ಮಾತ್ರ ಖರ್ಚು ಮಾಡಬಹುದು. ಒಂದು ಬರಂಗಾಯ್‌ನಲ್ಲಿ 2,000 ಮತದಾರರಿದ್ದರೆ 10,000 ಪೆಸೊ. ಹಾಗಿರುವಾಗ ಮನೆಗೆ ಐನೂರರ ನೋಟಿನ ಕವರ್ ಬಂದರೆ ಅದು ಎಲ್ಲಿಂದ ಬಂತು, ಯಾರಿಂದ ವಾಪಸ್ ವಸೂಲಾಗುತ್ತದೆ ಅಂತ ಯೋಚಿಸಿ. ಕೊಟ್ಟವನಷ್ಟೇ ಅಲ್ಲ, ತೆಗೆದುಕೊಂಡವನೂ ಅಪರಾಧಿ. 'ತಗೊಂಡು ಬೇರೆಯವರಿಗೆ ಹಾಕಿದರಾಯಿತು' ಅಂತ ಹೇಳುವವರಿದ್ದಾರೆ. ನಮ್ಮ ಅತ್ತೆ ತೆಗೆದುಕೊಳ್ಳುವುದೇ ಇಲ್ಲ. ಬಾಗಿಲಲ್ಲೇ ನಿಂತು 'ಬೇರೆ ಮನೆ ನೋಡಪ್ಪ' ಅಂತ ಕಳಿಸುತ್ತಾರೆ.

ಹೆಜ್ಜೆ 6: ಆ ವಾರದ ಓಡಾಟಕ್ಕೆ ಮೊದಲೇ ತಯಾರಾಗಿ

ಈ ಸಲ ದಿನಾಂಕವೇ ವಿಶೇಷ. ನವೆಂಬರ್ 1 ಮತ್ತು 2 ಇಲ್ಲಿಯವರು ಸತ್ತ ಹಿರಿಯರನ್ನು ನೆನೆಯುವ ದಿನಗಳು. ಸೆಬುವಾನೊದಲ್ಲಿ ಕಲಗ್-ಕಲಗ್ ಅನ್ನುತ್ತಾರೆ. ನಮ್ಮ ಮಹಾಲಯ ಅಮಾವಾಸ್ಯೆಯ ಹಾಗೆ ಅಂತ ನಾನು ಊರಿನವರಿಗೆ ಹೇಳುತ್ತೇನೆ. ಸಮಾಧಿಗೆ ಹೂವು, ಮೇಣದ ಬತ್ತಿ, ಊಟ. ಇಡೀ ದ್ವೀಪ ತನ್ನ ಊರಿಗೆ ಹೊರಡುತ್ತದೆ. ಭಾನುವಾರ ಸಮಾಧಿ, ಸೋಮವಾರ ಓಟು. ಸೌತ್ ಬಸ್ ಟರ್ಮಿನಲ್‌ನಲ್ಲಿ, ಬಂದರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಊರಿಗೆ ಹೋಗಿ ಓಟು ಹಾಕುವವರು ಹಡಗಿನ ಟಿಕೆಟ್ ಮೊದಲೇ ತೆಗೆದಿಡಿ. ಓಟಿಲ್ಲದ ವಿದ್ಯಾರ್ಥಿಗಳು ಆ ಮೂರು ದಿನ ಮೊವಾಲ್‌ಬೊವಾಲ್‌ಗೋ ಒಸ್ಲೋಬ್‌ಗೋ ಪ್ರವಾಸ ಇಟ್ಟುಕೊಳ್ಳದಿದ್ದರೆ ಒಳ್ಳೆಯದು. ನಿಮಗೂ ಸುಖ, ಓಟಿಗೆ ಹೋಗುವವರಿಗೂ ಒಂದು ಸೀಟು.

ಮದ್ಯ ನಿಷೇಧ ಚುನಾವಣೆಯ ಹಿಂದಿನ ದಿನ ಮತ್ತು ಚುನಾವಣೆಯ ದಿನ ಇರುತ್ತದೆ. ಮಾರುವುದಷ್ಟೇ ಅಲ್ಲ, ಸಾರ್ವಜನಿಕವಾಗಿ ಕುಡಿಯುವುದೂ ತಪ್ಪು. ಹುಟ್ಟುಹಬ್ಬದ ಪಾರ್ಟಿ ಇದ್ದರೆ ಮುಂದೆ ಹಾಕಿ. ಚುನಾವಣಾ ಅವಧಿ ಪೂರ್ತಿ ಬಂದೂಕು ಒಯ್ಯುವಂತಿಲ್ಲ, ಅದಕ್ಕೆ ರಸ್ತೆಯಲ್ಲಿ ಚೆಕ್‌ಪಾಯಿಂಟ್‌ಗಳು. ರಾತ್ರಿ ಬಂದರೆ ವೇಗ ಇಳಿಸಿ, ಒಳಗಿನ ದೀಪ ಹಾಕಿ, ಕಿಟಕಿ ಇಳಿಸಿ. ಪೊಲೀಸರು ಹೊರಗಿನಿಂದ ಕಣ್ಣಿಗೆ ಕಾಣುವುದನ್ನು ನೋಡುತ್ತಾರೆ. ಪಾಸ್‌ಪೋರ್ಟ್‌ನ ಪ್ರತಿ, ಇಮಿಗ್ರೇಷನ್ ಕಾರ್ಡ್ ಜೊತೆಗಿರಲಿ.

ಬರಂಗಾಯ್ ಕ್ಲಿಯರೆನ್ಸ್ (ನಿಮ್ಮ ಮೇಲೆ ದೂರಿಲ್ಲ ಅನ್ನುವ ಪತ್ರ), ವಾಸದ ಪತ್ರ ಏನಾದರೂ ಬೇಕಿದ್ದರೆ ಸೆಪ್ಟೆಂಬರ್‌ನಲ್ಲೇ ಮಾಡಿಸಿಕೊಳ್ಳಿ. ಪ್ರಚಾರ ಶುರುವಾದರೆ ಕಚೇರಿಯಲ್ಲಿ ಯಾರೂ ಸಿಗುವುದಿಲ್ಲ.

ಹೆಜ್ಜೆ 7: ಓಟಿನ ದಿನ

ಬೆಳಗ್ಗೆ 7ರಿಂದ ಮಧ್ಯಾಹ್ನ 3ರವರೆಗೆ ಮಾತ್ರ. ಮೇ ತಿಂಗಳ ದೊಡ್ಡ ಚುನಾವಣೆಯ ಹಾಗೆ ಸಂಜೆ ಏಳರವರೆಗೆ ಇರುವುದಿಲ್ಲ. ಊಟ ಮುಗಿಸಿ ನಿಧಾನವಾಗಿ ಹೋಗೋಣ ಅಂದರೆ ಕಷ್ಟ.

ಸರ್ಕಾರಿ ಶಾಲೆಯ ಕೋಣೆಗಳೇ ಮತಗಟ್ಟೆ, ಶಾಲೆಯ ಟೀಚರ್‌ಗಳೇ ಅಧಿಕಾರಿಗಳು. ಕೋಣೆಯ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಹೆಸರು, ಕ್ರಮಸಂಖ್ಯೆ ನೋಡಿಕೊಂಡು ಒಳಗೆ ಹೋಗಬೇಕು. ಗುರುತಿನ ಚೀಟಿ ಇಟ್ಟುಕೊಂಡರೆ ಒಳ್ಳೆಯದು.

ಬರಂಗಾಯ್ ಓಟಿಗೆ ಯಂತ್ರ ಇಲ್ಲ. ಖಾಲಿ ಗೆರೆಗಳ ಕಾಗದ ಕೊಡುತ್ತಾರೆ. ಹೆಸರನ್ನು ಕೈಯಲ್ಲೇ ಬರೆಯಬೇಕು. ಚಿಹ್ನೆ ನೋಡಿ ಗುಂಡಿ ಒತ್ತುವ ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಇಲ್ಲೇ ಓಟುಗಳು ಹಾಳಾಗುವುದು, ಹಾಗಾಗಿ ನಾಲ್ಕು ಮಾತು.

ಒಂದು, ಹೆಸರಿನ ಚೀಟಿ ಮನೆಯಲ್ಲೇ ಬರೆದುಕೊಂಡು ಹೋಗಿ. ಇಲ್ಲಿ ಅದಕ್ಕೆ ಕೊದಿಗೊ ಅನ್ನುತ್ತಾರೆ. ಎಂಟು ಹೆಸರು ನೆನಪಿಡುವುದು ಸುಲಭ ಅಲ್ಲ.

ಎರಡು, ಪೂರ್ತಿ ಹೆಸರು ಬರೆಯಿರಿ. ಒಂದೇ ಬೀದಿಯಲ್ಲಿ ಅಣ್ಣ ತಮ್ಮಂದಿರು, ದಾಯಾದಿಗಳು ಎದುರುಬದುರು ನಿಲ್ಲುವುದುಂಟು. ಒಂದೇ ಮನೆತನದ ಹೆಸರಿನ ಇಬ್ಬರಿದ್ದು ನೀವು ಮನೆತನದ ಹೆಸರಷ್ಟೇ ಬರೆದರೆ ಆ ಓಟು ಈಗಾಗಲೇ ಅಧಿಕಾರದಲ್ಲಿರುವವನಿಗೆ ಹೋಗುತ್ತದೆ. ಇದು ಸಂಹಿತೆಯಲ್ಲೇ ಇರುವ ನಿಯಮ. ನೀವು ಬದಲಾವಣೆಗೆ ಹಾಕಿದ ಓಟು ಹಳಬನಿಗೇ ಸೇರಿಬಿಡುತ್ತದೆ.

ಮೂರು, ಕಾಗುಣಿತ ತಪ್ಪಿತು ಅಂತ ಗಾಬರಿಯಾಗಬೇಡಿ. ಓದಿದಾಗ ಅದೇ ಹೆಸರಿನ ಹಾಗೆ ಕೇಳಿಸಿದರೆ ಓಟು ಲೆಕ್ಕಕ್ಕೆ ಬರುತ್ತದೆ. ನಮ್ಮ ಅತ್ತೆಗೆ ಇದನ್ನು ಹೇಳಿದ ಮೇಲೆಯೇ ಅವರ ಕೈ ನಡುಕ ನಿಂತದ್ದು.

ನಾಲ್ಕು, ಕಗವಾದ್ ಜಾಗದಲ್ಲಿ ಏಳಕ್ಕಿಂತ ಜಾಸ್ತಿ ಹೆಸರು ಬರೆದರೆ ಮೊದಲ ಏಳು ಮಾತ್ರ ಎಣಿಸುತ್ತಾರೆ. ಹಾಗಾಗಿ ಬೇಕಾದವರನ್ನು ಮೊದಲು ಬರೆಯಿರಿ. ಏಳು ಜನರೂ ಒಳ್ಳೆಯವರು ಸಿಗಲಿಲ್ಲವೇ? ನಾಲ್ಕೇ ಬರೆದರೂ ತಪ್ಪಿಲ್ಲ.

ಕಣ್ಣು ಕಾಣದವರಿಗೆ, ಬರೆಯಲು ಬಾರದವರಿಗೆ ಸಂಬಂಧಿಯೋ ಮತಗಟ್ಟೆಯ ಟೀಚರೋ ಸಹಾಯ ಮಾಡಬಹುದು. ಮತಪತ್ರದ ಫೋಟೋ ಮಾತ್ರ ತೆಗೆಯಬೇಡಿ, ಅದು ಅಪರಾಧ. ಹೊರಡುವಾಗ ಬಲಗೈ ತೋರುಬೆರಳಿಗೆ ಶಾಯಿ.

ಹೆಜ್ಜೆ 8: ಎಣಿಕೆ ನೋಡಿ

3 ಗಂಟೆಗೆ ಬಾಗಿಲು ಮುಚ್ಚಿದ ಮೇಲೆ ಅದೇ ಕೋಣೆಯಲ್ಲಿ ಎಣಿಕೆ. ಟೀಚರ್ ಒಂದೊಂದೇ ಕಾಗದ ಬಿಡಿಸಿ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಇನ್ನೊಬ್ಬರು ಗೋಡೆಯ ಹಾಳೆಯಲ್ಲಿ ಗೀಟು ಹಾಕುತ್ತಾರೆ, ನಾಲ್ಕು ಗೀಟಿಗೆ ಅಡ್ಡ ಒಂದು. 2023ರಲ್ಲಿ ನನ್ನ ಹೆಂಡತಿ ಕಿಟಕಿಯ ಪಕ್ಕ ನಿಂತು ಕತ್ತಲಾಗುವವರೆಗೆ ನೋಡಿ ಬಂದಳು. 'ಎರಡು ತಿಂಗಳ ಮಗುವನ್ನು ಎತ್ತಿಕೊಂಡು ನಿಂತವರೂ ಇದ್ದರು, ಒಬ್ಬರೂ ಮಾತಾಡುತ್ತಿರಲಿಲ್ಲ, ಹೆಸರಿಗೆ ಕಿವಿ ಕೊಟ್ಟಿದ್ದರು' ಅಂದಳು. ಓಟಿರುವವರು ಸಾಧ್ಯವಾದರೆ ಹೋಗಿ ನಿಲ್ಲಿ. ಜನ ನೋಡುತ್ತಿದ್ದಾರೆ ಅಂದರೆ ಆ ಟೀಚರ್‌ಗಳಿಗೂ ಧೈರ್ಯ.

ಸಾಮಾನ್ಯವಾಗಿ ಅವತ್ತೇ ರಾತ್ರಿ ಗೆದ್ದವರನ್ನು ಘೋಷಿಸುತ್ತಾರೆ. ಸಮ ಬಂದರೆ ಚೀಟಿ ಎತ್ತುತ್ತಾರೆ. ನಾಲ್ಕು ವರ್ಷದ ಕಪಿತಾನ್‌ಗಿರಿ ಒಂದೇ ಓಟಿನಲ್ಲಿ ಆಚೆ ಈಚೆ ಆಗಬಹುದು. ಸೆಬು ಸಿಟಿಯಿಂದ ಎರಡು ಬಸ್ ಬದಲಿಸಿ ಊರಿಗೆ ಹೋಗಬೇಕಾ ಅಂತ ಕೇಳುವ ನಾದಿನಿಗೆ ನಾನು ಹೇಳುವುದು ಇದನ್ನೇ.

ಹೆಜ್ಜೆ 9: ಆಮೇಲೆ

ಗೆದ್ದ ಕಪಿತಾನ್‌ಗಳು ತಮ್ಮೊಳಗೆ ಪ್ರಾಂತ್ಯ ಮಟ್ಟದ ಅಧ್ಯಕ್ಷರನ್ನು ಆರಿಸಿಕೊಳ್ಳುತ್ತಾರೆ. ಆ ಅಧ್ಯಕ್ಷರಿಗೆ ಪ್ರಾಂತ್ಯದ ಶಾಸನ ಮಂಡಳಿಯಲ್ಲಿ ಜಾಗ ಇದೆ, ಎಸ್‌ಕೆ ಒಕ್ಕೂಟದ ಅಧ್ಯಕ್ಷರಿಗೂ ಇದೆ. 2028ರ ಮೇ 8ಕ್ಕೆ ಗವರ್ನರ್ ಚುನಾವಣೆ ಬರುವಾಗ ಮನೆಮನೆ ತಿರುಗುವವರೂ ಇದೇ ಕಪಿತಾನ್‌ಗಳು. ಹಾಗಾಗಿ ನವೆಂಬರ್ 2ರ ಓಟು ಬೀದಿಯಲ್ಲೇ ನಿಲ್ಲುವುದಿಲ್ಲ.

ಓಟಿಲ್ಲದ ನಾವು ಮಾಡಬಹುದಾದ ಒಂದು ಕೆಲಸ ಇದೆ, ಅದಕ್ಕೆ ಚುನಾವಣೆ ಮುಗಿಯುವವರೆಗೂ ಕಾಯಬೇಕಿಲ್ಲ. ಪಾಸ್‌ಪೋರ್ಟ್, ಬಾಡಿಗೆ ಕರಾರು ಹಿಡಿದು ಬರಂಗಾಯ್ ಹಾಲ್‌ಗೆ ಹೋಗಿ. ನಿವಾಸಿಗಳ ಪಟ್ಟಿಯಲ್ಲಿ ಹೆಸರು ಬರೆಸಲು ಕೇಳಿ. ರೂಮ್‌ಮೇಟ್‌ಗಳು ನಾಲ್ಕು ಜನ ಇದ್ದರೆ ನಾಲ್ವರದೂ ಬರೆಸಿ, ಫೋನ್ ನಂಬರ್ ಕೊಡಿ, ರಕ್ತದ ಗುಂಪು ಕೇಳಿದರೆ ಅದನ್ನೂ ಹೇಳಿ. ನಿಮ್ಮ ಬೀದಿಯ ತನೋದ್ ಯಾರು, ನೀರು ಬಂದರೆ ಯಾವ ಶಾಲೆಗೆ ಹೋಗಬೇಕು ಅಂತ ಕೇಳಿಕೊಂಡು ಬನ್ನಿ. ನಾನು ಟೀನೊ ಆದ ಮರುವಾರ ಹೋಗಿ ಬರೆಸಿದೆ. ಅರ್ಧ ಗಂಟೆಯ ಕೆಲಸ.